ಏರಿದ ತೂಕ

“ಗುರುಗಳೇ, ವಾಸಿಯಾಗದ ಕಾಯಿಲೆಗೆ ದಿನವೂ ಮದ್ದು ತಿನ್ನುವುದೇಕೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಮೆಣಸಿನಕಾಯಿ ಮಂಡಿಯಲ್ಲಿ ಚೀಲ ತೂಗಿಕೊಡುವ ಒಬ್ಬ ತೂಕದವನಿದ್ದ. ಅವನ ಹೆಂಡತಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಊರ ಆಸ್ಪತ್ರೆಯ ಡಾಕ್ಟರಮ್ಮ ನೋಡಿ, ಹೃದಯ ಸೋತಿದೆ ಎಂದರು. ಮಾತ್ರೆ ಕೊಟ್ಟರು. ಉಪ್ಪು ಕಡಿಮೆ ಮಾಡಿ, ದಿನಾ ಬೆಳಿಗ್ಗೆ ತೂಕ ನೋಡಿ ಎಂದರು. ಇನ್ನೂ ಏನೋ ಹೇಳುತ್ತಿದ್ದರು. ತೂಕದ ಮಾತು ನನಗೆ ಹೇಳಿಕೊಡಬೇಕೇ ಎಂದುಕೊಂಡು ಅವನು ಎದ್ದುಬಿಟ್ಟ.

ಬೆಳಗಾದರೆ ಚೀಲ ತೂಗುವ ಕಾಟಾದ ಮೇಲೆ ಅವಳನ್ನು ನಿಲ್ಲಿಸುತ್ತಿದ್ದ. ಮೂರು ದಿನಕ್ಕೆ ಎರಡು ಕಿಲೋ ಏರಿತು. ವಾರಕ್ಕೆ ನಾಲ್ಕಾಯಿತು. ಅವನಿಗೆ ಹಿಡಿಸಲಾರದಷ್ಟು ಸಂತೋಷ.

“ತವರಿಗೆ ಹೋಗಿ ಬಂದವಳ ಹಾಗೆ ಮೈ ತುಂಬಿದೆ ನೋಡು.”

“ಮೈ ತುಂಬಿತೋ ಏನೋ ರೀ, ಕಾಲುಂಗುರ ಕಚ್ಚುತ್ತಿದೆ.”

ಅವನು ನಕ್ಕ. ಅಕ್ಕಸಾಲಿಗನ ಬಳಿ ಕರೆದೊಯ್ದು ಕಾಲುಂಗುರ ಅಗಲ ಮಾಡಿಸಿದ. ಗುಣವಾಯಿತೆಂದು ಮಾತ್ರೆ ನಿಲ್ಲಿಸಿದ. ಪಾಪ, ಎಷ್ಟು ದಿನ ಸಪ್ಪೆ ತಿಂದಾಳು ಎಂದು ತಟ್ಟೆಗೆ ಉಪ್ಪಿನಕಾಯಿ ಬಡಿಸಿದ.

ಎರಡು ದಿನ ಕಳೆಯಿತು. ಅವಳಿಗೆ ಮಲಗಲಾಗಲಿಲ್ಲ. ಗೋಡೆಗೆ ಒರಗಿ ಕೂತು ಉಸಿರಿಗಾಗಿ ಬಾಯಿ ತೆರೆದಳು. ಅವನು ಹೊತ್ತುಕೊಂಡು ಓಡಿದ.

ಡಾಕ್ಟರಮ್ಮ ಅವಳ ಕಾಲಿನ ಮೇಲೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು.

“ಇದು ಮಾಂಸವಲ್ಲಪ್ಪ, ನೀರು. ಹೃದಯ ಸೋತರೆ ಮೈಯಲ್ಲಿ ನೀರು ನಿಲ್ಲುತ್ತದೆ. ತೂಕ ನೋಡು ಅಂದದ್ದು ಅದಕ್ಕೇ.”

ತೂಕದವನು ತಲೆ ತಗ್ಗಿಸಿದ. ತೂಕ ಬರಲೆಂದು ನೀರು ಚಿಮುಕಿಸಿದ ಚೀಲವನ್ನು ಅವನು ಕೈಯಿಟ್ಟೊಡನೆ ಹಿಡಿಯುತ್ತಿದ್ದ. ಮೂವತ್ತು ವರ್ಷದಲ್ಲಿ ಒಬ್ಬನೂ ಅವನಿಗೆ ಮೋಸ ಮಾಡಿ ಗೆದ್ದಿರಲಿಲ್ಲ.

ಸೂಜಿ ಚುಚ್ಚಿದರು. ನೀರು ಇಳಿಯಿತು. ಐದು ಕಿಲೋ ಇಳಿದು ಅವಳ ಕೆನ್ನೆ ಬತ್ತಿತು. ಆದರೆ ಮಲಗಿ ನಿದ್ದೆ ಮಾಡಿದಳು. ಆಮೇಲೆ ಅವನು ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ತೂಕ ಎರಡು ಕಿಲೋ ಏರಿತೆಂದರೆ ಮಂಡಿಯ ಕೆಲಸ ಬಿಟ್ಟು ಅಂದೇ ಆಸ್ಪತ್ರೆಗೆ ಹೊರಡುತ್ತಿದ್ದ.

“ಕೊನೆಗೆ ವಾಸಿಯಾಯಿತೇ?” ಎಂದ ಶಿಷ್ಯ.

“ಇಲ್ಲ. ನಾಲ್ಕು ವರ್ಷಕ್ಕೆ ತೀರಿಕೊಂಡಳು.”

“ಹಾಗಾದರೆ ಅಷ್ಟು ಮದ್ದು ತಿಂದು ಏನು ಸಿಕ್ಕಿತು?”

ಗುರುಗಳು ಹೇಳಿದರು: “ಆ ನಾಲ್ಕು ವರ್ಷ ನಿನಗೆ ಬೇಡವಾಗಿತ್ತೇ ಎಂದು ಅವಳ ಗಂಡನನ್ನು ಕೇಳಿ ಬಾ.”