ಗೋಡೌನ್ ತಿಪ್ಪಯ್ಯನ ಮೆಸೇಜು

ದುರ್ಗದ ಲಾರಿ ಆಫೀಸಲ್ಲಿ ಒಬ್ಬ ಗುಮಾಸ್ತ ಇದ್ದ. ಅಂಥ ತಲೆ ಇಡೀ ಜಿಲ್ಲೇಲೇ ಇರ್ಲಿಲ್ಲ, ಬೇಕಾದ್ರೆ ಬರ್ಕೊಳ್ಳಿ. ಒಂದಿನ ಹೊಸ ಮ್ಯಾನೇಜರ್ ನರಹರಿರಾಯರು ಬಂದು ಮೇಜು ಗುದ್ದಿದ್ರು.

"ಆಫೀಸಿನ ಮೆಸೇಜೆಲ್ಲ ಇನ್ಮೇಲೆ ಕ್ಲೌಡಲ್ಲಿ. ಎಲ್ಲಾ ಬ್ರಾಂಚಿನೋರನ್ನೂ ನಾಳೆ ಒಂದೇ ದಿನಕ್ಕೆ ಅಲ್ಲಿಗೆ ಸಾಗಿಸು. ಒಬ್ಬ ಬಿಟ್ಟೋದ್ರೂ ನಿನ್ ಕೆಲಸ ಹೋಯ್ತು!"

"ಒಂದ್ ತಿಂಗ್ಳು ಕೊಡಿ ಸಾರ್. ಒಂದೊಂದೇ ಬ್ರಾಂಚು ಸಾಗಿಸಣ. ಪಟ್ಟೀಲಿ ಸತ್ತೋರೂ ಅವ್ರೆ."

"ಪಟ್ಟೀಲಿ ಇದ್ದೋರೆಲ್ಲ ಹೋಗ್ಬೇಕು ಕಣಯ್ಯ!"

"ಆಗ್ಲಿ ಸಾರ್. ನಿಮ್ಮಂಥ ಮೇಲಿನೋರು ಒಬ್ಬೊಬ್ಬರನ್ನೂ ಕೂಗಿ ಖಾತ್ರಿ ಮಾಡ್ಕೋಬೇಕಂತೆ. ಮೊದ್ಲು ಗೋಡೌನ್ ತಿಪ್ಪಯ್ಯನ್ನ ಕೂಗಿ."

ರಾಯರು "ತಿಪ್ಪಯ್ಯ, ಎಲ್ಲಿದೀಯ?" ಅಂತ ಮೆಸೇಜು ಕಳಿಸಿದ್ರು. ಟಣ್ ಅಂತು. "ಇಲ್ಲೇ ಇದೀನಿ ಸಾಮಿ, ಬಂದೆ."

"ನೋಡು, ಬರ್ತಾನೆ!"

"ಬರಬಾರ್ದು ಸಾರ್. ಹೋದ ದೀಪಾವಳೀಲಿ ನಾನೇ ಮಣ್ಣು ಹಾಕಿ ಬಂದಿದೀನಿ."

ರಾಯರ ಮುಖ ಸುಣ್ಣ ಆಯ್ತು. ಬಾಗಿಲ ಕಡೆ ನೋಡ್ತಾ ನೋಡ್ತಾ ಎದ್ರು. "ಎರಡು ತಿಂಗ್ಳು ತಗೋ ಮಾರಾಯ. ಇವನನ್ನ ಮಾತ್ರ ತೆಗೆದಾಕು!"

ಅವರು ಓಡಿದ್ಮೇಲೆ ಗುಮಾಸ್ತ ಹೊಟ್ಟೆ ಹಿಡ್ಕೊಂಡು ನಕ್ಕ. ಬದುಕಿದ್ದಾಗ ತಿಪ್ಪಯ್ಯಂಗೆ ಮೂಟೆ ಎಣಿಸೋದ್ರಲ್ಲಿ ಕೈ ಬಿಡುವಿರ್ತಿರ್ಲಿಲ್ಲ. ಯಾರು ಕರೆದ್ರೂ ತಾನಾಗೇ ಆ ಉತ್ತರ ಹೋಗೋ ಹಂಗೆ ಹಾಕ್ಕೊಟ್ಟೋನು ಇವನೇ. ಈಗ ಅದನ್ನ ಆಫ್ ಮಾಡ್ದ. ಹೆಸರು ತೆಗೆಯೋ ಮುಂಚೆ "ಉಪಕಾರ ಆಯ್ತಣ್ಣ" ಅಂತ ಬರೆದ.

ಟಣ್ ಅಂತು.

"ಆಗ್ಲಿ ಬಿಡೋ ತಮ್ಮ. ನನ್ನೂ ಸಾಗಿಸು. ನೀವೆಲ್ಲ ಹೋದ್ರೆ ಇಲ್ಲಿ ಒಬ್ನೇ ಆಗ್ಬಿಡ್ತೀನಿ."

ಗುಮಾಸ್ತ ಆಫ್ ಮಾಡಿದ್ನ ಇನ್ನೊಂದ್ಸಲ ನೋಡ್ದ, ಆಫೇ ಆಗಿತ್ತು. ಹೆಸರು ತೆಗೀದೆ, ಎಲ್ಲರಿಗಿಂತ ಮೊದ್ಲು ತಿಪ್ಪಯ್ಯನ್ನೇ ಸಾಗಿಸ್ದ.