ಬೂದಿಕೋಳಿಯ ಮೊಟ್ಟೆ

“ಗುರುಗಳೇ, ಬೆಂಕಿಬೆಟ್ಟಕ್ಕೆ ಬೂದಿಕೋಳಿಗಳು ಮರಳಿ ಬರಬೇಕಾದರೆ ಎಷ್ಟು ಜನ ಕಾವಲುಗಾರರು ಬೇಕು?”

ಕೇಳಿದವನು ಹಳೆಯ ಶಿಷ್ಯ. ಆ ಬೆಟ್ಟಕ್ಕೆ ಅಧಿಕಾರಿಯಾಗಿ ನೇಮಕವಾಗಿದ್ದ. ಮರುದಿನವೇ ಹೊರಡಬೇಕಿತ್ತು. ಮಠದ ಬಾಗಿಲಲ್ಲಿ ಕಸ ಗುಡಿಸುತ್ತಿದ್ದ ಮುದುಕಿಗೆ “ಆಚೆ ಸರಿ, ಧೂಳು” ಎಂದು ಹೇಳಿ ಒಳಗೆ ಬಂದು ಕುಳಿತಿದ್ದ.

ಗುರು ಹೇಳಿದರು:

ಬೂದಿಕೋಳಿ ಕಾವಿಗೆ ಕೂರುವ ಹಕ್ಕಿಯಲ್ಲ. ಬೆಟ್ಟದ ಬುಡದ ಬಿಸಿ ಬೂದಿಯಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು ಹೋಗುತ್ತದೆ. ಮರಿ ಮಾಡುವುದು ಬೆಟ್ಟದ ಕಾವು. ಆದರೆ ಮಳೆ ಬಿದ್ದರೆ ಬೂದಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಕ್ಕಿಯ ಕಾಲಿಗೆ ಅದು ಬಗ್ಗುವುದಿಲ್ಲ. ಅದಕ್ಕೆಂದೇ ಬುಡದಲ್ಲಿದ್ದ ಜನ ಪ್ರತಿವರ್ಷ ಮಳೆ ನಿಂತ ಮೇಲೆ ಬೂದಿಯನ್ನು ಅಗೆದು ಸಡಿಲ ಮಾಡುತ್ತಿದ್ದರು. ಎಲ್ಲಿ ಅಗೆಯಬೇಕೆಂದು ಹೆಂಗಸರು ಬರಿಗಾಲಲ್ಲಿ ನಡೆದು ಹೇಳುತ್ತಿದ್ದರು. ಅಂಗಾಲು ಸುಟ್ಟರೆ ಅಲ್ಲಿ ಮೊಟ್ಟೆ ಬೇಯುತ್ತದೆ. ತಣ್ಣಗಿದ್ದರೆ ಕೊಳೆಯುತ್ತದೆ. ಹಿತವಾಗಿದ್ದರೆ ಅಲ್ಲಿ ಗುದ್ದಲಿ. ಆ ದುಡಿಮೆಗೆ ಗುಂಡಿಗೊಂದು ಮೊಟ್ಟೆ ತೆಗೆದು ತಿನ್ನುತ್ತಿದ್ದರು, ಉಳಿದವನ್ನು ಮುಚ್ಚಿಡುತ್ತಿದ್ದರು.

ಒಬ್ಬ ಪಂಡಿತ ಆ ಸೀಮೆಯನ್ನು ಶೋಧಿಸಲು ಬಂದ. ಕಲ್ಲು, ಗಿಡ, ಪ್ರಾಣಿ ಎಲ್ಲವನ್ನೂ ಬರೆದುಕೊಂಡ. ಮೂರು ತಿಂಗಳು ಒಬ್ಬ ಹೆಂಗಸು ಅವನಿಗೆ ದಾರಿ ತೋರಿಸಿದಳು. ಎಲ್ಲಿ ನೆಲ ಕುಸಿಯುತ್ತದೆ, ಎಲ್ಲಿ ವಿಷದ ಹೊಗೆ ಏಳುತ್ತದೆ ಎಂದು ಹೇಳಿ ಅವನ ಜೀವ ಉಳಿಸಿದಳು. ಅವನ ಗಂಟುಮೂಟೆಯನ್ನೂ ಅವಳೇ ಹೊತ್ತಳು. ಒಂದು ದಿನ ಅವಳು ಮೊಟ್ಟೆ ತೆಗೆಯುವುದನ್ನು ಅವನು ಕಂಡ.

“ಕಳ್ಳಿ! ನೀವು ತಿಂದು ತಿಂದೇ ಈ ಹಕ್ಕಿ ನಾಶವಾಗುತ್ತಿದೆ.”

“ನಾಶ ಎಲ್ಲಾಗಿದೆ ಬುದ್ಧಿ? ನಿಮ್ಮ ತಲೆಯ ಮೇಲೇ ಹಾರುತ್ತಿವೆ. ಆ ಜೋಡು ಬಿಚ್ಚಿ ನನ್ನ ಜೊತೆ ನಾಲ್ಕು ಹೆಜ್ಜೆ ನಡೆಯಿರಿ, ಹೇಳಿಕೊಡುತ್ತೇನೆ.”

“ಅಂಗಾಲು ಸುಟ್ಟುಕೊಳ್ಳುವುದನ್ನು ನಿನ್ನಿಂದ ಕಲಿಯಬೇಕೆ?” ಎಂದು ಅವನು ನಕ್ಕ.

ಹೋಗಿ ದೊರೆಗೆ ಬರೆದುಕೊಟ್ಟ. ದೊರೆಯ ಆಳುಗಳು ಬಂದರು. ಬೆಂಕಿಬೆಟ್ಟ ನೂರಾರು ವರ್ಷ ಸುಡದೆ ಬಿಟ್ಟಿದ್ದ ಆ ಜನರ ಹಟ್ಟಿಯನ್ನು ಅವರು ಒಂದೇ ಬೆಳಗ್ಗೆ ಸುಟ್ಟರು. ಜನರನ್ನು ಹೊರಗಟ್ಟಿ ಬೇಲಿ ಹಾಕಿದರು. ಪಂಡಿತನಿಗೆ ಶಾಲು ಹೊದಿಸಿದರು.

ಮಳೆ ಬಂತು. ಬೂದಿ ಗಟ್ಟಿಯಾಯಿತು. ಅಗೆಯುವವರಿರಲಿಲ್ಲ. ಹಕ್ಕಿಗಳು ಬಂದವು, ಉಗುರು ಮುರಿಯುವಷ್ಟು ಕೆರೆದವು, ಮೊಟ್ಟೆಗಳನ್ನು ಬಯಲಲ್ಲೇ ಇಟ್ಟು ಹೋದವು. ಒಂದೂ ಮರಿಯಾಗಲಿಲ್ಲ. ಮೂರನೆಯ ವರ್ಷ ಹಕ್ಕಿಗಳೇ ಬರಲಿಲ್ಲ. ಕಳ್ಳರು ಇನ್ನೂ ಒಳಗೆ ನುಸುಳುತ್ತಿದ್ದಾರೆ, ಕಾವಲು ಹೆಚ್ಚಿಸಬೇಕು ಎಂದು ಪಂಡಿತ ಮತ್ತೆ ಬರೆದ.

ಗುರು ನಿಲ್ಲಿಸಿದರು. ಶಿಷ್ಯ ಎದ್ದು ನಿಂತ.

“ಕಾವಲುಗಾರರು ಬೇಡ ಗುರುಗಳೇ. ಆ ಹೆಂಗಸು ಬೇಕು. ಬದುಕಿದ್ದಾಳೆಯೇ? ಎಷ್ಟು ದೂರವಾದರೂ ಹೋಗಿ ಹುಡುಕುತ್ತೇನೆ.”

“ದೂರವೇಕೆ? ಬರುವಾಗ ‘ಆಚೆ ಸರಿ’ ಎಂದೆಯಲ್ಲ, ಅವಳೇ.”