ತಲೆ ತಿರುಗಿಸದ ಇಲಿ

ಕಣ್ಣಿನ ನರದ ಮೇಲಿನ ತೆಳು ಹೊದಿಕೆಗೆ ನಮ್ಮೂರಲ್ಲಿ ಪರೆ ಎನ್ನುತ್ತಿದ್ದರೋ ಪೊರೆ ಎನ್ನುತ್ತಿದ್ದರೋ, ಸರಿಯಾಗಿ ನೆನಪಿಲ್ಲ ಚಾರ್ವಿ. ಪ್ರಯೋಗಶಾಲೆಯ ಬಿಳಿ ಇಲಿಯೊಂದಕ್ಕೆ ಅದು ಸವೆದು ಕಣ್ಣು ಮಂಜಾಗಿತ್ತು. ಮದ್ದು ಕೊಟ್ಟವರು, ಕಣ್ಣು ಸರಿಯಾಯಿತೇ ಎಂದು ನೋಡಲು, ಅದನ್ನು ಸುತ್ತುವ ಕಪ್ಪು ಪಟ್ಟೆಗಳ ನಡುವೆ ಕೂರಿಸುವವರಿದ್ದರು. ಪಟ್ಟೆ ಕಂಡ ಇಲಿ ಅದರ ಜೊತೆ ತಲೆ ತಿರುಗಿಸುತ್ತದೆ. ತನಗಿನ್ನೂ ಕಾಣದು, ತಿರುಗಿಸುವುದಿಲ್ಲ ಎಂದಿತು ಈ ಇಲಿ.

“ನಿನ್ನ ಕತ್ತೇನು ಒನಕೆಯೇ ತಂಗಿ? ಕಾಣದಿದ್ದರೂ ತಿರುಗಿಸು. ಇಲ್ಲದಿದ್ದರೆ ನಿನ್ನನ್ನು ಇಲ್ಲಿಂದ ಒಯ್ಯುತ್ತಾರೆ,” ಎಂದಿತು ಹಿರಿಯ ಇಲಿ.

“ತಿರುಗಿಸಿದರೆ ಇದೇ ಮದ್ದು ಸಾಕು ಎನ್ನುತ್ತಾರೆ ಅಕ್ಕ. ನಾಳೆ ನಿನ್ನ ಕಣ್ಣು ಮಂಜಾದಾಗ ನಿನಗೂ ಇದನ್ನೇ ಕೊಡುತ್ತಾರೆ.”

ಪಟ್ಟೆಗಳ ನಡುವೆ ಕಿರಿಯ ಇಲಿ ತಲೆ ಅಲುಗಿಸದೆ ಕೂತಿತು. ಅವರು ಮದ್ದು ಬದಲಿಸಿದರು. ಕೆಲವು ದಿನಗಳ ಮೇಲೆ ಪಟ್ಟೆಗಳು ಸುತ್ತಿದಾಗ ಅದರ ತಲೆ ತಾನಾಗಿ ತಿರುಗಿತು.

ನಾನು ಹೇಳಿದ ಈ ಕಥೆಯನ್ನು ಹಾಗೇ ಬರೆದುಕೋ ಚಾರ್ವಿ. ಮೊದಲ ಮದ್ದು ನಾಟಲಿಲ್ಲ ಎಂಬುದನ್ನೂ ಬರೆ.